ಮೂರೂವರೆ ವರ್ಷದ ಮಗ ಊಟ ಮಾಡಲ್ಲ, ಆಡೋಕೂ ಹೋಗಲ್ಲ. ಹಸಿವಿಗೆ ಟಾನಿಕ್ ಕೊಡಬಹುದಾ?

ಪ್ರಶ್ನೆ: ನನ್ನ ಮಗನಿಗೆ ಮೂರೂವರೆ ವರ್ಷ. ಒಂದು ವರ್ಷ ಆಗುವವರೆಗೆ ಕೊಟ್ಟಿದ್ದನ್ನೆಲ್ಲ ತಿನ್ನುತ್ತಿದ್ದ. ಈಗ ಅನ್ನ, ಬ್ರೆಡ್, ಬಿಸ್ಕತ್ತು, ಬಾಳೆಹಣ್ಣು ಬಿಟ್ಟರೆ ಬೇರೆ ಏನೂ ಮುಟ್ಟಲ್ಲ. ತರಕಾರಿ ಕಂಡರೆ ತಟ್ಟೆ ತಳ್ಳುತ್ತಾನೆ. ಮೊಬೈಲ್ ಹಿಡಿದರೆ ಮಾತ್ರ ಬಾಯಿ ತೆರೆಯುತ್ತಾನೆ, ಆಗಲೂ ಒಂದು ಊಟಕ್ಕೆ ಒಂದು ಗಂಟೆ ಬೇಕು. ಹೊಟ್ಟೆ ತುಂಬಿಲ್ಲವಲ್ಲ ಅಂತ ದಿನಕ್ಕೆ ನಾಲ್ಕು ಬಾಟಲಿ ಹಾಲು ಕೊಡುತ್ತಿದ್ದೇವೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಹಗಲು ಅಜ್ಜಿ ನೋಡಿಕೊಳ್ಳುತ್ತಾರೆ, ಅವರಿಗೆ ಮಂಡಿನೋವು. ಹಾಗಾಗಿ ಆಟವೆಲ್ಲ ಮನೆಯೊಳಗೆ, ಹೆಚ್ಚಿನ ಹೊತ್ತು ಟಿವಿ ಮುಂದೆ. ತೂಕ 14 ಕೆಜಿ, ಎತ್ತರ 98 ಸೆಂ.ಮೀ. ಹಸಿವು ಹೆಚ್ಚಿಸುವ ಟಾನಿಕ್ ಕೊಡಲೇ? ಆಟದ ತರಗತಿಗೆ ಸೇರಿಸಲೇ?

ಉತ್ತರ: ಮೊದಲು ತೂಕದ ವಿಷಯ ಮುಗಿಸೋಣ. ಮೂರೂವರೆ ವರ್ಷದ ಹುಡುಗನಿಗೆ 14 ಕೆಜಿ, 98 ಸೆಂ.ಮೀ. ಮಾಮೂಲಿ ಬೆಳವಣಿಗೆಯೇ. ಪಕ್ಕದ ಮನೆಯ ಮಗು ದುಂಡಗಿರಬಹುದು, ಹೋಲಿಸಬೇಡಿ. ಈ ವಯಸ್ಸಿನಲ್ಲಿ ಮಕ್ಕಳು ಸಣ್ಣಗೆ ಕಾಣುವುದು ಸಹಜ. ಐದಾರು ವರ್ಷದವರೆಗೆ ಮೈ ಇಳಿಯುತ್ತಾ ಹೋಗಿ, ಆಮೇಲೆ ನಿಧಾನಕ್ಕೆ ತುಂಬಿಕೊಳ್ಳುತ್ತದೆ.

'ಮೊದಲು ಚೆನ್ನಾಗಿ ತಿನ್ನುತ್ತಿದ್ದ' ಎಂದು ಬಹಳ ಜನ ಹೇಳುತ್ತಾರೆ. ನಿಜ, ತಿನ್ನುತ್ತಿದ್ದ. ಮೊದಲ ವರ್ಷದಲ್ಲಿ ಮಗುವಿನ ತೂಕ ಹುಟ್ಟಿದಾಗ ಇದ್ದುದರ ಮೂರು ಪಟ್ಟಾಗುತ್ತದೆ, ಉದ್ದ ಸುಮಾರು 25 ಸೆಂ.ಮೀ. ಹೆಚ್ಚುತ್ತದೆ. ಎರಡು ದಾಟಿದ ಮೇಲೆ ವರ್ಷಕ್ಕೆ ಎರಡು ಎರಡೂವರೆ ಕೆಜಿ ಏರಿದರೆ ಸಾಕು. ಬೆಳೆಯುವ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. ಅದೇ ಹೊತ್ತಿಗೆ ಹೊಸ ತಿನಿಸು ಕಂಡರೆ ಹಿಂಜರಿಯುವ ಸ್ವಭಾವವೂ ಬರುತ್ತದೆ. ಎರಡರಿಂದ ಆರು ವರ್ಷದ ನಡುವೆ ಇದು ಜಾಸ್ತಿ. ಕಹಿಯನ್ನು ಮಕ್ಕಳ ನಾಲಿಗೆ ನಮಗಿಂತ ಚುರುಕಾಗಿ ಹಿಡಿಯುತ್ತದೆ, ಹಾಗಾಗಿ ಮೊದಲ ಏಟು ಬೀಳುವುದು ಸೊಪ್ಪು ತರಕಾರಿಗೆ. ನಿಮ್ಮ ಮಗ ಹಠಮಾರಿ ಎಂದು ಇದರಿಂದ ಅರ್ಥವಲ್ಲ. ಅವನ ಮುಂದೆಯೇ 'ಇವನು ಏನೂ ತಿನ್ನಲ್ಲ' ಅಂತ ನೆಂಟರಿಗೆ ಹೇಳುವುದನ್ನೂ ಬಿಡಿ. ಮಕ್ಕಳು ಕೇಳಿಸಿಕೊಳ್ಳುತ್ತಾರೆ, ಹೇಳಿದ ಹಾಗೇ ಇರುತ್ತಾರೆ.

ಈಗ ಹಾಲಿನ ಲೆಕ್ಕ. ನಾಲ್ಕು ಬಾಟಲಿ ಅಂದರೆ ಹೆಚ್ಚುಕಮ್ಮಿ ಒಂದು ಲೀಟರ್. ಒಂದು ಲೀಟರ್ ಗಟ್ಟಿ ಹಾಲಿನಲ್ಲಿ 600ಕ್ಕೂ ಹೆಚ್ಚು ಕ್ಯಾಲೊರಿ ಇರುತ್ತದೆ. ಈ ವಯಸ್ಸಿನ ಮಗುವಿಗೆ ಇಡೀ ದಿನಕ್ಕೆ ಬೇಕಾಗುವುದು ಸುಮಾರು 1200. ಅರ್ಧ ಊಟ ಬಾಟಲಿಯಲ್ಲೇ ಮುಗಿದಿದೆ. ಅದರ ಮೇಲೆ ಬಿಸ್ಕತ್ತು, ಬಾಳೆಹಣ್ಣು. ತಟ್ಟೆ ಮುಂದೆ ಕೂರುವ ಹೊತ್ತಿಗೆ ಅವನಿಗೆ ಹಸಿವು ಎಲ್ಲಿಂದ ಬರಬೇಕು? ಅವನು ಊಟ ಬಿಟ್ಟ ಅಂತ ನೀವು ಹಾಲು ಕೊಡುತ್ತೀರಿ, ಹಾಲು ಕುಡಿದ ಅಂತ ಅವನು ಊಟ ಬಿಡುತ್ತಾನೆ.

ಹಾಲಿನಲ್ಲಿ ಕ್ಯಾಲ್ಸಿಯಂ ಇದೆ, ಪ್ರೋಟೀನ್ ಇದೆ. ಕಬ್ಬಿಣಾಂಶ ಮಾತ್ರ ಇಲ್ಲವೆಂಬಷ್ಟು ಕಡಿಮೆ. ಹಾಲಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುವ ಮಕ್ಕಳಲ್ಲಿ ರಕ್ತಹೀನತೆ ಕಾಣಿಸುವುದು ಇದಕ್ಕೇ. ರಕ್ತಹೀನತೆ ಬಂದ ಮಗುವಿಗೆ ಹಸಿವು ಇನ್ನೂ ಕಡಿಮೆಯಾಗುತ್ತದೆ. ಜೊತೆಗೆ ಸುಸ್ತು. ಸುಸ್ತಾದ ಮಗು ಓಡಾಡುವುದಿಲ್ಲ, ಓಡಾಡದ ಮಗುವಿಗೆ ಹಸಿವಾಗುವುದಿಲ್ಲ. ನೀವು ಊಟ, ಆಟ ಅಂತ ಎರಡು ಪ್ರಶ್ನೆ ಕೇಳಿದ್ದೀರಿ. ನನಗೆ ಅವು ಒಂದೇ ಪ್ರಶ್ನೆಯಂತೆ ಕಾಣುತ್ತಿವೆ. ಹಸಿವು ಹುಟ್ಟುವುದಕ್ಕೆ ನಿಮ್ಮ ಮಗನ ದಿನದಲ್ಲಿ ಜಾಗವೇ ಇಲ್ಲ.

ಹಾಗಾಗಿ ಮೊದಲ ಕೆಲಸ ಹಾಲು ಇಳಿಸುವುದು. ದಿನಕ್ಕೆ ಅರ್ಧ ಲೀಟರ್ ಒಳಗೆ ಸಾಕು. ಬಾಟಲಿಯಲ್ಲಿ ಬೇಡ, ಲೋಟದಲ್ಲಿ ಕೊಡಿ. ಬಾಟಲಿ ಒಂದೂವರೆ ವರ್ಷದೊಳಗೇ ಬಿಡಿಸಬೇಕಿತ್ತು. ಮಲಗಿಕೊಂಡು ಬಾಟಲಿ ಚೀಪುವ ಮಕ್ಕಳ ಮುಂದಿನ ಹಲ್ಲು ಹುಳುಕಾಗುತ್ತವೆ. ಒಂದೇ ದಿನ ಎಲ್ಲ ನಿಲ್ಲಿಸಿ ಮನೆಯನ್ನು ರಣರಂಗ ಮಾಡಬೇಕಿಲ್ಲ. ನಾಲ್ಕೈದು ದಿನಕ್ಕೊಂದು ಬಾಟಲಿ ಕಡಿಮೆ ಮಾಡುತ್ತಾ ಬನ್ನಿ. ಹಗಲಿನದ್ದು ಮೊದಲು ಹೋಗಲಿ, ಮಲಗುವ ಹೊತ್ತಿನದ್ದು ಕೊನೆಗೆ. ಹಾಲು ಬಿಡಿಸಿ ಆ ಜಾಗಕ್ಕೆ ಹಣ್ಣಿನ ಜ್ಯೂಸ್ ತರಬೇಡಿ. ಜ್ಯೂಸ್‌ನಲ್ಲಿ ನಾರು ಹೋಗಿ ಸಕ್ಕರೆ ಉಳಿದಿರುತ್ತದೆ. ಒಂದರಿಂದ ಮೂರು ವರ್ಷದ ಮಕ್ಕಳಿಗೆ ದಿನಕ್ಕೆ 120 ಮಿ.ಲೀ. ದಾಟಬಾರದು ಎಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2017ರಲ್ಲೇ ಹೇಳಿದೆ. ನಾಲ್ಕರಿಂದ ಆರರವರಿಗೂ 180ರ ಒಳಗೆ. ಬಾಯಾರಿದರೆ ನೀರು ಕುಡಿಯಲಿ, ಹಣ್ಣನ್ನು ಹಣ್ಣಾಗಿಯೇ ತಿನ್ನಲಿ.

ಎರಡನೆಯದು ಹೊತ್ತು ಹೊತ್ತಿಗೆ ಊಟ. ಮೂರು ಊಟ, ನಡುವೆ ಎರಡು ಸಲ ತಿಂಡಿ. ಒಂದಕ್ಕೂ ಇನ್ನೊಂದಕ್ಕೂ ಎರಡೂವರೆ ಮೂರು ಗಂಟೆ ಅಂತರ ಇರಲಿ. ಆ ನಡುವೆ ನೀರು ಬಿಟ್ಟು ಬೇರೇನೂ ಬೇಡ. ಅಳು ನಿಲ್ಲಿಸೋಕೆ ಒಂದು ಬಿಸ್ಕತ್ತು, ಸುಮ್ನೆ ಕೂರಲಿ ಅಂತ ಇನ್ನೊಂದು, ಇವು ಲೆಕ್ಕಕ್ಕೇ ಸಿಗುವುದಿಲ್ಲ. ಒಂದು ವಾರ ಬರೆದಿಟ್ಟು ನೋಡಿ, ಆಶ್ಚರ್ಯವಾಗುತ್ತದೆ. ಊಟಕ್ಕೆ 20ರಿಂದ 30 ನಿಮಿಷ ಕೊಡಿ. ಆಮೇಲೆ ತಟ್ಟೆ ಎತ್ತಿಬಿಡಿ. ಬೈಯಬೇಡಿ, ಮುಖ ಸಣ್ಣ ಮಾಡಬೇಡಿ. 'ಆಯ್ತಾ? ಸರಿ, ಇನ್ನು ಸಂಜೆ ತಿನ್ನೋಣ' ಅಂದರೆ ಸಾಕು.

ಎಲ್ಲರೂ ಎಡವುವ ಜಾಗ ಇದೇ. ಅರ್ಧ ಗಂಟೆ ಕಳೆದ ಮೇಲೆ 'ಹಸಿವು' ಅಂತ ಬರುತ್ತಾನೆ. ನಿಮ್ಮ ಕರುಳು ಕಿವುಚುತ್ತದೆ, ಕೈ ಬಿಸ್ಕತ್ತಿನ ಡಬ್ಬಿಗೆ ಹೋಗುತ್ತದೆ. ಹೋಗಬಾರದು. ಮುಂದಿನ ಹೊತ್ತು ಬರುವವರೆಗೆ ತಾಳಿದರೆ ಆರೋಗ್ಯವಾಗಿರುವ ಮಗುವಿಗೆ ಏನೂ ಆಗುವುದಿಲ್ಲ. ಮೊದಲ ಮೂರು ನಾಲ್ಕು ದಿನ ಅವನು ಈಗಿಗಿಂತ ಕಡಿಮೆಯೇ ತಿನ್ನುತ್ತಾನೆ, ಅದನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ನಿಂತು ಇನ್ನೊಬ್ಬರು ಅಡುಗೆಮನೆಯಲ್ಲಿ ಗುಟ್ಟಾಗಿ ಕೊಟ್ಟರೆ ಇದು ನಡೆಯುವುದಿಲ್ಲ. ಅಜ್ಜಿಯನ್ನು ಮೊದಲು ಕೂರಿಸಿಕೊಂಡು ಮಾತಾಡಿ. ಅವರ ಕಾಳಜಿಯಲ್ಲಿ ತಪ್ಪಿಲ್ಲ. 'ನೀವು ಜಾಸ್ತಿ ತಿನ್ನಿಸಿದ್ದರಿಂದ ಹೀಗಾಯಿತು' ಅಂತ ಶುರು ಮಾಡಿದರೆ ಮಾತು ಅಲ್ಲೇ ಮುರಿಯುತ್ತದೆ. 'ಡಾಕ್ಟರು ಹೀಗೆ ಹೇಳಿದ್ದಾರೆ, ಎರಡು ವಾರ ನೋಡೋಣ' ಅನ್ನಿ. ಬೇಕಿದ್ದರೆ ಬೈಗುಳ ನನಗೆ ಬೀಳಲಿ.

ಎಷ್ಟು ತಿನ್ನಬೇಕು ಅನ್ನುವುದನ್ನು ಯಾರು ತೀರ್ಮಾನಿಸಬೇಕು? ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಹಲವು ದಶಕಗಳ ಹಿಂದೆ ಒಂದು ಸರಳ ಹಂಚಿಕೆ ಮುಂದಿಟ್ಟರು. ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರ ಕೆಲಸ. ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು ಅನ್ನುವುದು ಮಗುವಿನದು. ಇದನ್ನು ಒಪ್ಪಿಕೊಳ್ಳುವುದು ಕಷ್ಟ, ನನಗೆ ಗೊತ್ತು. ಆದರೆ ಮಕ್ಕಳ ಹೊಟ್ಟೆಗೆ ಲೆಕ್ಕ ಬರುತ್ತದೆ. 1991ರಲ್ಲಿ ಅಮೆರಿಕದ ಸಂಶೋಧಕಿ ಲಿಯಾನ್ ಬರ್ಚ್ ಮತ್ತು ಸಂಗಡಿಗರು ಎರಡರಿಂದ ಐದು ವರ್ಷದ 15 ಮಕ್ಕಳು ಹಲವು ದಿನ ತಿಂದದ್ದನ್ನೆಲ್ಲ ಅಳೆದು ನೋಡಿದರು. ಒಂದೊಂದು ಹೊತ್ತಿನ ಊಟದಲ್ಲಿ ಭಾರಿ ಏರುಪೇರು. ಬೆಳಿಗ್ಗೆ ಗಬಗಬ, ಮಧ್ಯಾಹ್ನ ಎರಡೇ ತುತ್ತು. ಆದರೆ ಇಡೀ ದಿನದ ಕ್ಯಾಲೊರಿ ಕೂಡಿಸಿದರೆ ಏರುಪೇರು ಬಹಳ ಕಡಿಮೆ. ಒಂದು ಹೊತ್ತು ಬಿಟ್ಟದ್ದನ್ನು ಇನ್ನೊಂದು ಹೊತ್ತಿನಲ್ಲಿ ಸರಿ ಮಾಡಿಕೊಂಡಿದ್ದರು. ಹಾಗಾಗಿ ನೀವು ಲೆಕ್ಕ ಹಾಕಲೇಬೇಕಿದ್ದರೆ ತಟ್ಟೆಯದನ್ನು ಬಿಟ್ಟು ವಾರದ್ದನ್ನು ಹಾಕಿ.

ಮೊಬೈಲ್ ಈ ಲೆಕ್ಕವನ್ನೇ ಕೆಡಿಸುತ್ತದೆ. ಕಣ್ಣು ಪರದೆಯಲ್ಲಿ ನೆಟ್ಟಿದ್ದಾಗ ಬಾಯಿಗೆ ಏನು ಬಂತು, ಹೊಟ್ಟೆ ತುಂಬಿತಾ ಅನ್ನುವುದು ಮಗುವಿಗೆ ತಿಳಿಯುವುದಿಲ್ಲ. ಈಗ ಕಡಿಮೆ ತಿನ್ನುವ ಮಗು ಹೀಗೆ ಕಲಿತರೆ ಮುಂದೆ ಹೊಟ್ಟೆ ತುಂಬಿದ ಮೇಲೂ ತಿನ್ನುವುದನ್ನು ಕಲಿಯಬಹುದು. ಊಟದ ಜಾಗದಲ್ಲಿ ಮೊಬೈಲ್, ಟಿವಿ ಬೇಡ. ನಿಮ್ಮದೂ ಬೇಡ. ಅದರ ಬದಲು ಯಾರಾದರೂ ಜೊತೆಗೆ ಕೂತು ಅದೇ ಊಟ ಮಾಡಲಿ. ದಿನದಲ್ಲಿ ಒಂದು ಹೊತ್ತಾದರೂ ಎಲ್ಲರೂ ಒಟ್ಟಿಗೆ ಕೂರಿ. ಅಪ್ಪ ಬೀನ್ಸ್ ಪಕ್ಕಕ್ಕೆ ಎತ್ತಿಟ್ಟು ಮಗನಿಗೆ 'ತಿನ್ನು' ಅಂದರೆ ಮಗ ನೋಡುವುದು ಅಪ್ಪನ ತಟ್ಟೆಯನ್ನು.

ತರಕಾರಿಗೆ ಬರೋಣ. ಇಲ್ಲಿ ತಾಳ್ಮೆ ಬಿಟ್ಟರೆ ಬೇರೆ ಮದ್ದಿಲ್ಲ. ಹೊಸ ರುಚಿಯೊಂದು ಒಪ್ಪಿಗೆಯಾಗುವುದಕ್ಕೆ ಮಕ್ಕಳಿಗೆ ಎಂಟರಿಂದ ಹದಿನೈದು ಸಲ ಬೇಕಾಗಬಹುದು, ಕೆಲವರಿಗೆ ಇನ್ನೂ ಜಾಸ್ತಿ. ನಾವು ಮೂರು ನಾಲ್ಕು ಸಲಕ್ಕೇ 'ಇವನಿಗೆ ಇಷ್ಟವಿಲ್ಲ' ಅಂತ ತೀರ್ಪು ಕೊಟ್ಟು ಬಿಟ್ಟುಬಿಡುತ್ತೇವೆ. ಬೇಯಿಸಿದ ಬಟಾಣಿ ಅಂತಿಟ್ಟುಕೊಳ್ಳಿ. ಅವನಿಗೆ ಇಷ್ಟವಾದ ಅನ್ನದ ಪಕ್ಕದಲ್ಲಿ ನಾಲ್ಕೇ ನಾಲ್ಕು ಕಾಳು ಇಡಿ. ಕಲಸಬೇಡಿ, ಮುಚ್ಚಿಡಬೇಡಿ, ಅದರ ಬಗ್ಗೆ ಭಾಷಣವೂ ಬೇಡ. ಮೊದಲ ದಿನ ಬೆರಳಲ್ಲಿ ತಟ್ಟೆಯ ಅಂಚಿಗೆ ತಳ್ಳುತ್ತಾನೆ. ಇನ್ನೊಂದು ದಿನ ಒಂದನ್ನು ಹಿಸುಕಿ ಒಳಗಿನ ಹಸಿರು ನೋಡುತ್ತಾನೆ, ಬೆರಳು ಮೂಸುತ್ತಾನೆ. ಆಮೇಲೊಂದು ದಿನ ನಾಲಿಗೆ ತುದಿಗೆ ತಾಗಿಸಿ ಮುಖ ಕಿವುಚುತ್ತಾನೆ. ಬಾಯಿಗೆ ಹಾಕಿಕೊಂಡು ಉಗುಳುತ್ತಾನೆ. ನಮಗೆ ಇದು ಆಟ, ಗಲೀಜು. ಅವನ ಲೆಕ್ಕದಲ್ಲಿ ಬಟಾಣಿಯ ಪರಿಚಯ ಮುಂದಕ್ಕೆ ಹೋಗುತ್ತಿದೆ. ಉಗುಳಿದಾಗ ಬೈದರೆ ಮುಂದಿನ ಸಲ ಬಾಯಿಗೇ ಹಾಕುವುದಿಲ್ಲ. ಪಕ್ಕದಲ್ಲಿ ಒಂದು ಚಿಕ್ಕ ಬಟ್ಟಲಿಟ್ಟು 'ಬೇಡ ಅಂದ್ರೆ ಇದರಲ್ಲಿ ಹಾಕು' ಅಂತ ಹೇಳಿಕೊಡಿ. ತೆಗೆದುಹಾಕುವ ದಾರಿ ಇದೆ ಅಂತ ಗೊತ್ತಾದ ಮಗು ಬಾಯಿಗೆ ಹಾಕಿಕೊಳ್ಳಲು ಅಷ್ಟು ಹೆದರುವುದಿಲ್ಲ.

ತಟ್ಟೆಗೆ ಹಾಕುವ ಪ್ರಮಾಣ ಚಿಕ್ಕದಿರಲಿ. ಎಷ್ಟು ವರ್ಷವೋ ಅಷ್ಟು ದೊಡ್ಡ ಚಮಚ, ಒಂದೊಂದು ಪದಾರ್ಥಕ್ಕೂ. ಅದು ಶುರುವಿಗೆ, ಬೇಕಾದರೆ ಕೇಳಿ ಹಾಕಿಸಿಕೊಳ್ಳುತ್ತಾನೆ. ಪ್ರತಿ ಊಟದಲ್ಲೂ ಅವನು ತಿನ್ನುವಂಥದ್ದು ಒಂದಾದರೂ ಇರಲಿ. ಆದರೆ ಅವನಿಗೊಂದು, ಉಳಿದವರಿಗೊಂದು ಅಂತ ಬೇರೆ ಅಡುಗೆ ಬೇಡ. ತರಕಾರಿ ರುಬ್ಬಿ ಹಿಟ್ಟಿನಲ್ಲಿ ಸೇರಿಸಬಹುದಾ ಅಂತ ಕೇಳುವವರಿದ್ದಾರೆ. ಸೇರಿಸಿ, ಹೊಟ್ಟೆಗೆ ಹೋಗುತ್ತದೆ. ಆದರೆ ಹಾಗೆ ತಿಂದವನಿಗೆ ಕ್ಯಾರೆಟ್ ಪರಿಚಯ ಆಗುವುದಿಲ್ಲ, ಆದ್ದರಿಂದ ತಟ್ಟೆಯಲ್ಲಿ ಕ್ಯಾರೆಟ್ ಕ್ಯಾರೆಟ್ ಥರವೇ ಕಾಣುತ್ತಾ ಇರಬೇಕು. ಬಟಾಣಿ ಸುಲಿಯುವುದು, ಸೊಪ್ಪು ತೊಳೆಯುವುದು, ಹಿಟ್ಟು ಕಲಸುವುದು, ಇದರಲ್ಲೆಲ್ಲ ಅವನ ಕೈ ಇರಲಿ. ಅಡುಗೆಮನೆ ಗಲೀಜಾಗುತ್ತದೆ, ಇರಲಿ ಬಿಡಿ.

'ತರಕಾರಿ ತಿಂದರೆ ಚಾಕೊಲೇಟ್' ಎಂಬ ಒಪ್ಪಂದ ಮಾತ್ರ ಬೇಡವೇ ಬೇಡ. ಇದು ಆ ಹೊತ್ತಿಗೆ ಕೆಲಸ ಮಾಡುತ್ತದೆ, ಅದೇ ಅದರ ಅಪಾಯ. ಕೂಲಿ ಕೊಟ್ಟು ಮಾಡಿಸುವ ಕೆಲಸ ಕೆಟ್ಟದ್ದೇ ಇರಬೇಕು ಅಂತ ಮಕ್ಕಳು ಸರಿಯಾಗಿಯೇ ಊಹಿಸುತ್ತಾರೆ. ಲಂಚ ಕೊಟ್ಟು ಕುಡಿಸಿದ ಪಾನೀಯವನ್ನು ಮಕ್ಕಳು ಮೊದಲಿಗಿಂತ ಕಡಿಮೆ ಇಷ್ಟಪಟ್ಟದ್ದು 1984ರಷ್ಟು ಹಿಂದೆಯೇ ಪ್ರಯೋಗದಲ್ಲಿ ಕಂಡಿದೆ. ಸಿಹಿಯನ್ನು ಪೂರ್ತಿ ನಿಷೇಧಿಸುವುದೂ ತಿರುಗುಬಾಣವಾಗುತ್ತದೆ. ಆಗಾಗ, ಸ್ವಲ್ಪ, ಊಟದ ಜೊತೆಗೇ ಕೊಟ್ಟು ಸುಮ್ಮನಾಗಿಬಿಡಿ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಇಡೀ ದ್ರಾಕ್ಷಿ, ಇಡೀ ಕಡಲೆಕಾಯಿ ಬೀಜ, ಪಾಪ್‌ಕಾರ್ನ್, ಗಟ್ಟಿ ಮಿಠಾಯಿ, ಹಸಿ ಕ್ಯಾರೆಟ್‌ನ ದಪ್ಪ ಬಿಲ್ಲೆ, ಇವು ಈ ವಯಸ್ಸಿನಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ, ಬೀಜಗಳನ್ನು ಪುಡಿ ಮಾಡಿ, ಕ್ಯಾರೆಟ್ ಬೇಯಿಸಿ. ಓಡಾಡುತ್ತಾ ತಿನ್ನುವುದು ಬೇಡ. ತಟ್ಟೆ ಹಿಡಿದು ಮಗುವಿನ ಹಿಂದೆ ಸುತ್ತುವುದನ್ನು ನಿಲ್ಲಿಸಲು ಇದೂ ಒಂದು ಕಾರಣ.

ಇನ್ನು ಆಟ. ಮೂರು, ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಟ್ಟು 180 ನಿಮಿಷವಾದರೂ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರುವಂತೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಪರದೆ ನೋಡುವುದು ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು. ನಿದ್ದೆ, ಹಗಲಿನದ್ದೂ ಸೇರಿ, 10ರಿಂದ 13 ಗಂಟೆ. ಮೂರು ಗಂಟೆ ಅಂದಾಗ ಗಾಬರಿಯಾಗುತ್ತದೆ. ಆದರೆ ಅದು ಒಟ್ಟಿಗೆ ಆಗಬೇಕಾದ್ದಲ್ಲ. ದಿನವಿಡೀ ಚೂರು ಚೂರಾಗಿ ಕೂಡುತ್ತಾ ಹೋಗುವಂಥದ್ದು.

ಮಕ್ಕಳು ಆಡುವ ರೀತಿಯೇ ಹಾಗೆ. ಬಿಟ್ಟ ಬಾಣದಂತೆ ಓಡುತ್ತಾನೆ, ತಟ್ಟನೆ ನಿಲ್ಲುತ್ತಾನೆ, ಕುಕ್ಕರುಗಾಲಲ್ಲಿ ಕೂತು ಇರುವೆ ನೋಡುತ್ತಾನೆ, ಕಡ್ಡಿಯಿಂದ ಅದರ ದಾರಿಗೆ ಅಡ್ಡ ಗೆರೆ ಎಳೆಯುತ್ತಾನೆ, ಮತ್ತೆ ಓಟ. 1995ರಲ್ಲಿ ಆರರಿಂದ ಹತ್ತು ವರ್ಷದ ಮಕ್ಕಳ ಆಟವನ್ನು ಸೆಕೆಂಡುಗಳ ಲೆಕ್ಕದಲ್ಲಿ ಗಮನಿಸಿದ ಸಂಶೋಧಕರಿಗೆ, ಜೋರಿನ ಆಟದ ತುಣುಕುಗಳು ಹೆಚ್ಚಿನವು 15 ಸೆಕೆಂಡ್ ಕೂಡ ಮುಟ್ಟಲಿಲ್ಲ ಎಂದು ಗೊತ್ತಾಯಿತು. ದೊಡ್ಡವರ ಹಾಗೆ ಅರ್ಧ ಗಂಟೆ ವಾಕಿಂಗ್ ಹೋಗು ಅಂದರೆ ಅವರಿಗೆ ಬೇಜಾರು. ಹಾಗಾಗಿ ಆಟದ ತರಗತಿಯ ಪ್ರಶ್ನೆಗೆ ನನ್ನ ಉತ್ತರ: ಈಗ ಬೇಡ. ಅಲ್ಲಿ ಸಾಲಿನಲ್ಲಿ ನಿಂತು ಸರದಿ ಕಾಯುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಈ ವಯಸ್ಸಿನಲ್ಲಿ ಕಲಿಯಬೇಕಾದ್ದು ಓಡುವುದು, ಜಿಗಿಯುವುದು, ಹತ್ತುವುದು, ಎಸೆಯುವುದು, ಹಿಡಿಯುವುದು, ಒಂಟಿಕಾಲಲ್ಲಿ ನಿಲ್ಲುವುದು. ಅದಕ್ಕೆ ಯೂನಿಫಾರ್ಮ್ ಬೇಕಿಲ್ಲ.

ಮನೆ ಚಿಕ್ಕದಾದರೂ ಆಗುತ್ತದೆ. ನಡುಮನೆಯಲ್ಲಿ ದಿಂಬುಗಳನ್ನು ದೂರ ದೂರ ಇಟ್ಟು ನೆಲ ಮುಟ್ಟದೆ ದಾಟಬೇಕು ಅನ್ನಿ. ಹಳೇ ಕಾಲುಚೀಲಗಳನ್ನು ಉಂಡೆ ಕಟ್ಟಿ ಬಕೆಟ್‌ಗೆ ಎಸೆಯಲು ಕೊಡಿ, ಬಕೆಟ್ ದಿನಾ ಸ್ವಲ್ಪ ಹಿಂದಕ್ಕೆ ಹೋಗಲಿ. ನೆಲಕ್ಕೆ ಟೇಪ್ ಅಂಟಿಸಿ ಗೆರೆ ಮೇಲೆ ನಡೆಸಿ. ಹಾಡು ಹಾಕಿ ಕುಣಿಯಿರಿ, ಹಾಡು ನಿಂತಾಗ ಅಲುಗಾಡಬಾರದು. ಅಜ್ಜಿ ಎದ್ದು ಓಡಬೇಕಿಲ್ಲ, ಕುರ್ಚಿಯಲ್ಲಿ ಕೂತೇ ಅಪ್ಪಣೆ ಕೊಡಬಹುದು. 'ಕೆಂಪು ಬಣ್ಣದ್ದು ಒಂದು ತಾ, ಈಗ ಕಪ್ಪೆ ಥರ ಹಾರಿಕೊಂಡು ವಾಪಸ್ ಇಡು.' ಅಜ್ಜಿ ಮಹಾರಾಣಿ, ಮೊಮ್ಮಗ ಸೇವಕ. ಬಟ್ಟೆ ಮಡಿಸಿ ಒಯ್ದು ಇಡುವುದು, ಗಿಡಕ್ಕೆ ನೀರು ಹಾಕುವುದು, ಸಾಮಾನಿನ ಚೀಲದಿಂದ ಒಂದೊಂದೇ ಎತ್ತಿಕೊಡುವುದು, ಇವೂ ಲೆಕ್ಕಕ್ಕೆ ಬರುತ್ತವೆ.

ಆದರೂ ಹೊರಗಿನ ಆಟಕ್ಕೆ ಸಮ ಇಲ್ಲ. ಹೊರಗೆ ಬಿಟ್ಟ ಮಗು ಹೇಳದೆಯೇ ಹೆಚ್ಚು ಓಡುತ್ತದೆ. ಹೊರಗಿನ ಬೆಳಕು ಕಣ್ಣಿಗೂ ಒಳ್ಳೆಯದು, ಹೊರಗೆ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಡಿಮೆ. ನಿಮ್ಮಲ್ಲಿ ಒಬ್ಬರು ಕೆಲಸದಿಂದ ಬಂದ ತಕ್ಷಣ, ಚಪ್ಪಲಿ ಬಿಡುವ ಮೊದಲೇ, ಅವನನ್ನು ಕರೆದುಕೊಂಡು ಹೊರಡಿ. ಒಳಗೆ ಬಂದು ಕೂತರೆ ಮುಗಿಯಿತು, ಏಳುವುದಿಲ್ಲ. ನೀವು ಎತ್ತಿಕೊಳ್ಳಬೇಡಿ, ತಳ್ಳುಗಾಡಿಯೂ ಬೇಡ, ಅವನೇ ನಡೆಯಲಿ. ನಿಧಾನ ಆಗುತ್ತದೆ. ಕಟ್ಟೆ ಹತ್ತಿದಾಗ 'ಬೀಳ್ತೀಯ, ಬೀಳ್ತೀಯ' ಅಂತ ಕೂಗಬೇಡಿ. ಹತ್ತಿರ ನಿಂತು 'ಮುಂದಿನ ಕಾಲು ಎಲ್ಲಿ ಇಡ್ತೀಯ?' ಅಂತ ಕೇಳಿ. ಮಂಡಿ ತರಚುವುದು ಬಾಲ್ಯದ ಖರ್ಚು. ರಸ್ತೆ, ನೀರು, ಮಹಡಿ ಅಂಚು, ಈ ಮೂರರಲ್ಲಿ ಮಾತ್ರ ರಾಜಿ ಬೇಡ. ಆಟ ಊಟಕ್ಕೆ ಮೊದಲು ಬರುವಂತೆ ನೋಡಿಕೊಳ್ಳಿ. ಬೆವರಿ ಬಂದು ಕೈಕಾಲು ತೊಳೆದು ಕೂತ ಮಗುವಿಗೆ 'ಆ ಮಾಡು' ಅನ್ನಬೇಕಾದ ಪ್ರಮೇಯ ಕಡಿಮೆ.

ಈಗ ಟಾನಿಕ್. ನನ್ನ ಸಲಹೆ, ನೀವಾಗಿ ಕೊಡಬೇಡಿ. ಹಸಿವು ಹೆಚ್ಚಿಸುವ ಕೆಲವು ಸಿರಪ್‌ಗಳಲ್ಲಿ ಸಿಪ್ರೊಹೆಪ್ಟಡಿನ್ ಎಂಬ ಅಲರ್ಜಿಯ ಔಷಧ ಇರುತ್ತದೆ. ಹಸಿವು ಹೆಚ್ಚಿಸುವುದು ನಿಜ, ಜೊತೆಗೆ ಮಂಪರನ್ನೂ ತರುತ್ತದೆ. ಆಡಬೇಕಾದ ಮಗುವಿಗೆ ಮಂಪರು ತರಿಸಿ ಏನು ಸಾಧಿಸಿದ ಹಾಗಾಯಿತು? ಔಷಧ ನಿಲ್ಲಿಸಿದ ಮೇಲೆ ಬಾಟಲಿಯೂ ಮೊಬೈಲೂ ಹಾಗೇ ಇರುತ್ತವೆ. ನಿಮ್ಮ ಮಗನ ವಿಷಯದಲ್ಲಿ ನಾನು ಕೇಳುವುದು ಒಂದು ರಕ್ತಪರೀಕ್ಷೆ: ಹಿಮೋಗ್ಲೋಬಿನ್, ಸಾಧ್ಯವಾದರೆ ಮೈಯಲ್ಲಿ ಕಬ್ಬಿಣಾಂಶದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಕೂಡ. ಕಬ್ಬಿಣಾಂಶ ಕಡಿಮೆ ಇದ್ದರೆ ಅದಕ್ಕೆ ಸರಿಯಾದ ಔಷಧ ಇದೆ, ಪ್ರಮಾಣವನ್ನು ತೂಕ ನೋಡಿ ಡಾಕ್ಟರೇ ಹೇಳಬೇಕು. ಊಟದಲ್ಲಿ ಮೊಟ್ಟೆ, ಬೇಳೆಕಾಳು, ತಿನ್ನುವವರಾದರೆ ಮಾಂಸ ಇರಲಿ. ಕಾಳಿನ ಜೊತೆ ಟೊಮೆಟೊ, ಕಿತ್ತಳೆಯಂಥ ಸಿ ವಿಟಮಿನ್ ಇದ್ದರೆ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಮಲಬದ್ಧತೆ ಇದೆಯಾ ಅಂತಲೂ ನೋಡಿ. ಹಾಲು ಜಾಸ್ತಿ, ನಾರು ಕಡಿಮೆ ಇರುವ ಮಕ್ಕಳಲ್ಲಿ ಇದು ಸಾಮಾನ್ಯ, ಹೊಟ್ಟೆ ಕಟ್ಟಿದ ಮಗು ಊಟಕ್ಕೆ ಬರುವುದಿಲ್ಲ.

ಕೆಲವು ಲಕ್ಷಣಗಳಿದ್ದರೆ ಮಾತ್ರ ಎರಡು ವಾರ ಕಾಯುತ್ತಾ ಕೂರಬೇಡಿ. ತೂಕ ಇಳಿಯುತ್ತಿರುವುದು ಅಥವಾ ಬೆಳವಣಿಗೆಯ ಗೆರೆ ಕೆಳಗೆ ಜಾರುತ್ತಿರುವುದು, ತಿನ್ನುವಾಗ ಪದೇ ಪದೇ ಕೆಮ್ಮು ಅಥವಾ ಗಂಟಲು ಕಟ್ಟುವುದು, ಮಣ್ಣು ಸುಣ್ಣ ತಿನ್ನುವುದು, ಮುಖ ಬಿಳಿಚಿಕೊಂಡು ಸ್ವಲ್ಪ ಓಡಿದರೂ ಸುಸ್ತಾಗುವುದು, ತಿನ್ನುತ್ತಿದ್ದ ಪದಾರ್ಥಗಳೂ ಒಂದೊಂದಾಗಿ ಬಿಟ್ಟುಹೋಗಿ ಪಟ್ಟಿ ಚಿಕ್ಕದಾಗುತ್ತಾ ಬರುವುದು. ಇದರಲ್ಲಿ ಒಂದು ಕಂಡರೂ ಮಕ್ಕಳ ಡಾಕ್ಟರಿಗೆ ತೋರಿಸಿ. ಹೋಗುವಾಗ ಹುಟ್ಟಿದಾಗಿನಿಂದ ತೂಕ, ಎತ್ತರ ಬರೆಸಿದ ಕಾರ್ಡ್ ಇರಲಿ. ಜೊತೆಗೆ ಮೂರು ದಿನ ಅವನು ತಿಂದದ್ದು, ಕುಡಿದದ್ದು ಎಲ್ಲ ಹೊತ್ತು ಸಮೇತ ಬರೆದುಕೊಂಡು ಹೋಗಿ, ಹಾಲಿನ ಅಳತೆ ಮಿಲಿಲೀಟರ್‌ನಲ್ಲಿ. ಅಜ್ಜಿ ಕೊಟ್ಟ ಬಿಸ್ಕತ್ತನ್ನೂ ಬಿಡಬೇಡಿ.